ಕಟ್ಟದ ಕೊಂಬೆ

ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಅದು ಯುದ್ಧದ ಕಾಲ, ಸೈಕಲ್ಲಿನ ಬ್ರೇಕಿಗೆ ರಬ್ಬರು ಸಿಗುತ್ತಿರಲಿಲ್ಲ. ಕೊಳಾಲದ ಕಡೆ ಗುಡ್ಡ ಇಳಿಯುವಾಗ ನಾವೆಲ್ಲ ಕ್ಯಾರಿಯರಿಗೆ ತಂಗಡಿ ಕೊಂಬೆ ಕಟ್ಟಿಕೊಳ್ಳುತ್ತಿದ್ದೆವು. ಅದು ನೆಲಕ್ಕೆ ಉಜ್ಜಿಕೊಂಡು ಬಂದು ವೇಗ ತಡೆಯುತ್ತಿತ್ತು.

ಅಂದು ಬಾಣಂತಿ ಹೆಂಡತಿಗೆ ಜ್ವರ ಏರಿತ್ತು. ಕೊರಟಗೆರೆಯಿಂದ ಔಷಧಿ ತರುತ್ತಿದ್ದ ನಾನು ಏರನ್ನು ಓರೆಯೋರೆಯಾಗಿ ತುಳಿದು ಹತ್ತಿದೆ. ಆತುರದಲ್ಲಿ ಕೊಂಬೆ ಕಟ್ಟುವುದನ್ನೇ ಮರೆತು ಇಳಿಜಾರಿಗೆ ಬಿಟ್ಟೆ. ಸೈಕಲ್ಲು ಕೈಮೀರಿ ಓಡಿತು. ಇನ್ನೇನು ತಿರುವಿನ ಬಂಡೆಗೆ ಬಡಿಯಬೇಕು, ಅಷ್ಟರಲ್ಲಿ ಹಿಂದೆ ಸರಸರ ಸದ್ದಾಯಿತು. ಯಾರೋ ಹಿಡಿದೆಳೆದಂತೆ ಸೈಕಲ್ಲು ನಿಧಾನವಾಯಿತು. ಆ ಉರಿಬಿಸಿಲಿನಲ್ಲೂ ನನ್ನ ಬೆನ್ನು ತಣ್ಣಗಾಯಿತು. ಆಗಷ್ಟೇ ಕಡಿದ ಹಸಿ ಸೊಪ್ಪಿನ ವಾಸನೆ ಬಂತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಗುಡ್ಡ ಮುಗಿದರೂ ಸದ್ದು ಬಿಡದೆ ಹಿಂದೆಯೇ ಬಂತು.

ಬಾಗಿಲಿಗೆ ಬಂದ ಅತ್ತೆ ಕಮಲಾಕ್ಷಮ್ಮ, "ಏನು ಅಳಿಯಂದ್ರೇ, ಕೊಂಬೇನ ಮನೇಗಂಟ ಎಳ್ಕೊಂಡು ಬಂದ್ಬುಟ್ರಾ? ಒಳಗಿದ್ರೂ ಕೇಳುಸ್ತು. ಬಿಚ್ಚಾಕಿ ಬನ್ನಿ" ಎಂದರು.

ಆಗ ತಿರುಗಿ ನೋಡಿದೆ. ಕ್ಯಾರಿಯರಿನಲ್ಲಿ ಔಷಧಿ ಸೀಸೆಯೊಂದೇ ಇತ್ತು.

ಬೆಳಗಿನ ಹೊತ್ತಿಗೆ ಜ್ವರ ಬಿಟ್ಟಿತು. ಮಗು ಹೊಟ್ಟೆ ತುಂಬ ಹಾಲು ಕುಡಿದು ಮಲಗಿತು. ನಾನು ಹೊರಗೆ ಬಂದು ನೋಡಿದರೆ ಧೂಳಿನಲ್ಲಿ ನನ್ನ ಚಕ್ರದ ಗುರುತೇ ಇರಲಿಲ್ಲ. ಗುಡ್ಡದ ಕಡೆಯಿಂದ ನಮ್ಮ ಅಂಗಳದವರೆಗೂ ದಾರಿ ಗುಡಿಸಿದಂತಿತ್ತು. ಉದ್ದಕ್ಕೂ ತಂಗಡಿಯ ಹಳದಿ ಹೂವು ಉದುರಿತ್ತು.