ಸಿಂಗಲ್ಲೋ, ಡಬಲ್ಲೋ?

"ಆ ಗೆಡ್ಡೆ ಮುಟ್ಬೇಡಿ!"

ವನಿತಾ ಕಿರುಚಿದ ರಭಸಕ್ಕೆ ಶರತ್ ಕೈಯಲ್ಲಿದ್ದ ಸುಗಂಧರಾಜದ ಗೆಡ್ಡೆ ಜಾರಿ ಬಿತ್ತು.

ದಸರಾ ಕಳೆದು ಮಳೆ ಹಿಂದೆ ಸರಿದಿತ್ತು. ಯಲಹಂಕದ ಹೊಸ ಅಪಾರ್ಟ್‌ಮೆಂಟಿನ ಮುಂದೆ ಹೂವಿನ ಪಾತಿ ಮಾಡುವ ಗುತ್ತಿಗೆ ವನಿತಾಳದು. ಗೆಡ್ಡೆ ತಂದವನು ಸೋಲದೇವನಹಳ್ಳಿಯಲ್ಲಿ ನರ್ಸರಿ ಇಟ್ಟಿರುವ ಶರತ್. ವರ್ಷದಿಂದ ಜೊತೆಗೇ ಕೆಲಸ, ಜೊತೆಗೇ ಟೀ. ಪ್ರೀತಿ ಅಂತ ಮಾತ್ರ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ!

"ಯಾಕ್ರೀ, ಏನಾಯ್ತು?"

"ಹೂಳೋಕೆ ಮುಂಚೆ ಎಲ್ಲಾ ಮಣ್ಣಿನ ಮೇಲಿಟ್ಟು ನೋಡ್ಬೇಕು ಅಂದಿರ್ಲಿಲ್ವಾ? ಎತ್ತರ ಬರೋ ಗ್ಲಾಡಿಯೋಲಸ್ ಹಿಂದೆ, ಸುಗಂಧರಾಜ ಮಧ್ಯ, ಲಿಲ್ಲಿ ಮುಂದೆ. ಸಾಲಾಗಲ್ಲ, ಮೂರ್ಮೂರು ಗುಂಪಾಗಿ!"

"ಹಂಗೇ ಇಟ್ಟಿದೀನಲ್ರೀ..."

ಹೌದು, ಹಾಗೆಯೇ ಇಟ್ಟಿದ್ದ. ಮೊಳಕೆ ಮೇಲಕ್ಕೆ, ನಡುವೆ ಒಂದೊಂದು ಗೇಣು. ತಪ್ಪು ಹುಡುಕಲು ಬಂದವಳಿಗೆ ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಪಾಪ, ಗೆಡ್ಡೆ ಏನು ಮಾಡಿತ್ತು? ಇಂದು ನಾಲ್ಕು ಗಂಟೆಗೆ ಗೊರಗುಂಟೆಪಾಳ್ಯದಿಂದ ಗಂಡಿನ ಕಡೆಯವರು ಕೊಡಿಗೇಹಳ್ಳಿಯ ಅವಳ ಮನೆಗೆ ಬರುವವರಿದ್ದರು. ಒಪ್ಪಿಗೆಯಾದರೆ ಇವತ್ತೇ ತಾಂಬೂಲ. ಈ ಸಂಬಂಧ ಬಂದಿದೆ ಎಂದು ಹೇಳಲೆಂದೇ ನಿನ್ನೆ ಶರತ್‌ನ ನರ್ಸರಿಗೆ ಹೋಗಿದ್ದಳು. ಬಾಗಿಲಲ್ಲೇ ಅವನ ಫೋನ್ ಮಾತು ಕಿವಿಗೆ ಬಿತ್ತು.

"ನನಗೆ ಸಿಂಗಲ್ಲೇ ಇಷ್ಟ ಮಗಾ. ಡಬಲ್ಲು ನೋಡೋಕಷ್ಟೇ ಚೆಂದ. ಬೇಡವೇ ಬೇಡ ಗುರು!"

ಅಷ್ಟೇ. ಹಾಗೇ ತಿರುಗಿ ಮನೆಗೆ ಬಂದು, ಅವಳ ಉತ್ತರಕ್ಕೆ ಕಾಯುತ್ತಿದ್ದ ಅಪ್ಪನಿಗೆ "ಬರಲಿ" ಅಂದುಬಿಟ್ಟಳು.

"ಮೂರಕ್ಕೆ ನಾನು ಹೊರಡ್ಬೇಕು. ನನ್ನ ನೋಡೋಕೆ ಗಂಡಿನವರು ಬರ್ತಿದಾರೆ," ಎಂದಳು ಈಗ, ಅವನ ಮುಖ ನೋಡದೆ.

ಶರತ್ ಮಣ್ಣಿನ ಮೇಲೇ ಕುಳಿತುಬಿಟ್ಟ. "ನೀವು... ಒಪ್ಪಿದ್ರಾ?"

"ಇನ್ನೇನ್ ಮಾಡ್ಲಿ? ಎಲ್ರಿಗೂ ನಿಮ್ಮ ಹಾಗೆ ಸಿಂಗಲ್ಲಾಗೇ ಇರೋಕಾಗುತ್ತಾ? ನಿನ್ನೆ ಫೋನಲ್ಲಿ ಅಂದಿದ್ದು ಕೇಳಿಸ್ಕೊಂಡೆ!"

ಅವನು ಕಣ್ಣು ಕಣ್ಣು ಬಿಟ್ಟ.

"ಅಯ್ಯೋ ಕರ್ಮವೇ! ಸುಗಂಧರಾಜದ ವಿಷ್ಯ ಕಣ್ರೀ ಅದು! ಒಂದೇ ಸುತ್ತು ಎಸಳಿಂದು ಸಿಂಗಲ್ಲು, ಘಮ ಜಾಸ್ತಿ. ಸುತ್ತುಸುತ್ತು ಎಸಳಿದ್ರೆ ಡಬಲ್ಲು. ನಿಮ್ಮ ಪಾತಿಗೆ ಯಾವ್ದು ಕಳಿಸ್ಲಿ ಅಂತ ಗೆಡ್ಡೆ ಮಾರೋ ಮುನೇಶ ಕೇಳ್ದ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ವನಿತಾಗೆ. ವರ್ಷವಿಡೀ ಅದೇ ಗೆಡ್ಡೆ ನೆಡುವವಳಿಗೆ ಇಷ್ಟು ಹೊಳೆಯಲಿಲ್ಲವೇ! ಪ್ರೀತಿ ತಲೆಗೇರಿದರೆ ಕಸುಬೂ ಮರೆತುಹೋಗುತ್ತದೆ, ನೋಡಿ.

ಆದರೆ ಅವನು ಜಾರಿಬಿದ್ದ ಗೆಡ್ಡೆ ಎತ್ತಿ ಮಣ್ಣು ಒರೆಸತೊಡಗಿದ. ವನಿತಾ ಮನಸ್ಸಿನಲ್ಲೇ ಅಂದುಕೊಂಡಳು, 'ಈಗಲೂ ಹೇಳಲ್ವಾ ಇವನು?'

ಅಷ್ಟರಲ್ಲಿ ಅಪ್ಪನ ಫೋನ್.

"ಎಲ್ಲಿದೀಯಮ್ಮಾ? ಅವ್ರು ಹೊರಟ್ರಂತೆ, ಬೇಗ ಬಾ."

ಶರತ್ ದಡಬಡಿಸಿ ಎದ್ದು ಕೈ ಚಾಚಿದ. "ಕೊಡಿ, ನಾನು ಮಾತಾಡ್ತೀನಿ. ನಿಮ್ಮನ್ನ ಬಿಟ್ಟು ಇರೋಕಾಗಲ್ಲ ಅಂತ ಹೇಳ್ತೀನಿ!"

ವನಿತಾ ಫೋನನ್ನು ಅಂಗೈಯಿಂದ ಮುಚ್ಚಿದಳು. ಕಣ್ಣು ತುಂಬಿತ್ತು. "ಮೊದ್ಲು ನನಗೆ ಹೇಳ್ರೀ... ಅಪ್ಪನಿಗೆ ಆಮೇಲೆ."

"ನೀವಂದ್ರೆ ಪ್ರಾಣ ವನಿತಾ. ನೀವು ಬೇಡ ಅಂದ್ಬಿಟ್ರೆ ಅಂತ ಹೆದರ್ಕೊಂಡೇ ವರ್ಷ ಕಳ್ದೆ."

ಅವಳು ಅಂಗೈ ತೆಗೆದಳು.

"ಅಪ್ಪಾ, ಅವರಿಗೆ ಕ್ಷಮೆ ಕೇಳಿ, ಬರೋದು ಬೇಡ ಅಂತ ಹೇಳಿ. ತಪ್ಪು ನಂದೇ. ನಾನು ಇಷ್ಟಪಟ್ಟವರನ್ನ ಕರ್ಕೊಂಡು ಬರ್ತಿದೀನಿ."



"ಬಾ. ಮೊದ್ಲು ಅವನ ಮುಖ ನೋಡ್ತೀನಿ," ಅಂದರು ಅಪ್ಪ.

"ಕೈಯೆಲ್ಲಾ ಮಣ್ಣು, ತೊಳ್ಕೊಂಡು ಬರ್ಲಾ?" ಶರತ್ ಪ್ಯಾಂಟಿಗೆ ಕೈ ಒರೆಸುತ್ತಾ ಕೇಳಿದ.

ವನಿತಾ ಆ ಕೈಯನ್ನೇ ಹಿಡಿದುಕೊಂಡಳು.

"ಬೇಡ. ಮತ್ತೆ ಹೆದರ್ಕೊಳ್ಳೋಕೆ ನಿಮಗೆ ಟೈಮ್ ಕೊಡಲ್ಲ!"