ಎರಡಚ್ಚು ಬೆಲ್ಲ, ಮೂರು ಕಾವಲು

ನಾನು ಕತೆ ಹೇಳುವುದು ಇದೇ ಮೊದಲು. ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಹಳ ಹಿಂದೆ ಹೊನ್ನೇರಿ ಎಂಬ ರಾಜ್ಯವಿತ್ತು. ಅಲ್ಲಿ ಯಾರೇ ಬಂದರೂ ಬೆಲ್ಲ, ನೀರು ಕೊಟ್ಟು “ಯಾವೂರು?” ಎಂದು ಕೇಳುವುದು ಪದ್ಧತಿ. (ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.) ದೂರದ ನುಡಿಗಳಿಂದ ಪುಟ್ಟ ಪುಟ್ಟ ಮಾತುಗಳೂ ಅಲ್ಲಿಗೆ ನಡೆದುಬರುತ್ತಿದ್ದವು. ಪುಟ್ಟ ಮಾತೆಂದರೆ ಪೂರ್ತಿ ಪದವಲ್ಲ, ಪದದ ಮುಂದೆ ಕೂರುವ ತುಣುಕು; ಪಂಡಿತರು ಉಪಸರ್ಗ ಅನ್ನುತ್ತಾರೆ. ಕಡುಕೇತನೆಂಬ ಮಾಂತ್ರಿಕ ಅಂಥ ಮೂರನ್ನು ಹಿಡಿದು, ಮೃಗಗಳನ್ನಾಗಿ ಮಾಡಿ, ತನ್ನ ಗವಿಗೆ ಕಾವಲಿಟ್ಟ.

ಕುಂಬಾರರ ಬಾಳಮ್ಮನ ತಮ್ಮ ಚೌಡನನ್ನು ಅವನು ಗವಿಗೆ ಎಳೆದೊಯ್ದ. ಅಲ್ಲಿ ‘ಅ’ ಎಂಬ ಸರ್ಪ ಅವನನ್ನು ಸುತ್ತಿತು. ಚಲಿಸುತ್ತಿದ್ದ ಹುಡುಗ ಅಚಲನಾಗತೊಡಗಿದ, ಅಂದರೆ ಕಾಲಿನಿಂದ ಮೇಲಕ್ಕೆ ಕಲ್ಲಾಗತೊಡಗಿದ. ಹೊತ್ತು ಮುಳುಗುವುದರೊಳಗೆ ಕಲ್ಲು ಕೊರಳಿಗೇರುತ್ತದೆ.

ಗವಿಗೆ ಎರಡೇ ಬಾಗಿಲೆಂದು ಊರವರು ಹೇಳಿದ್ದರು. ಬಾಳಮ್ಮ ಎರಡಚ್ಚು ಬೆಲ್ಲ, ಒಂದು ಗಿಂಡಿ ನೀರು ಹಿಡಿದು ಓಡಿದಳು.

ಮೊದಲ ಬಾಗಿಲಲ್ಲಿ ತೋಳ. ಕತ್ತಿ ಹಿಡಿದು ಹೋದವರೆಲ್ಲ ಅಲ್ಲಿ ಗೈರುಹಾಜರಾಗಿದ್ದರು.

“ಯಾವೂರಪ್ಪ ನಿಂದು?” ಎಂದು ಬಾಳಮ್ಮ ಬೆಲ್ಲ ಚಾಚಿದಳು.

ತೋಳ ತಬ್ಬಿಬ್ಬಾಯಿತು. “ಅರಬರ ನಾಡು. ‘ಗೈರು’ ನನ್ನ ಹೆಸರು. ಅಲ್ಲಿ ‘ಬೇರೆ’ ಅಂತಲೂ ಅರ್ಥವಿತ್ತು. ಇಲ್ಲಿ ಬರೀ ಇಲ್ಲವಾಗಿಸುವ ಕೆಲಸ.” ಅದು ಬೆಲ್ಲ ಕಚ್ಚಿಕೊಂಡು ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಲ್ಲಿ ಹದ್ದು.

“ಯಾವೂರವ್ವ?”

“ಪಾರಸಿಯವರ ಊರು. ‘ಬೇಜವಾಬ್ದಾರಿ’ಯ ‘ಬೇ’ ನಾನು. ‘ಇಲ್ಲದೆ’ ಅಂತ ಅರ್ಥ. ಹತ್ತು ವರ್ಷದಲ್ಲಿ ನೀನೇ ಮೊದಲು ಕೇಳಿದ್ದು.” ಹದ್ದು ಬೆಲ್ಲ ತಿಂದು ರೆಕ್ಕೆ ಮುಚ್ಚಿತು.

ಒಳಗೆ ನೋಡಿದರೆ ಮೂರನೆಯ ಬಾಗಿಲು! ಅದರಾಚೆ ಚೌಡ. ಕಲ್ಲು ಎದೆ ದಾಟಿತ್ತು.

“ಅಕ್ಕಾ, ಬೇಗ!”

“ಬೆಲ್ಲ ಎಲ್ಲಿ ತಾಯೀ?” ಕಡುಕೇತ ಗಹಗಹಿಸಿದ. “ಬರಿಗೈಲಿ ನೆಂಟಸ್ತಿಕೆಯೋ?”

ಬಾಳಮ್ಮ ಚೌಡನನ್ನು ಸುತ್ತಿದ್ದ ಸರ್ಪದ ಕಡೆ ತಿರುಗಿದಳು. ಆದರೂ ಕೇಳಿದಳು, “ಯಾವೂರಪ್ಪ?”

“ಗೊತ್ತಿಲ್ಲ,” ಎಂದಿತು ಸರ್ಪ. “ಸಂಸ್ಕೃತದಲ್ಲೂ ನಾನಿದ್ದೆ, ಗ್ರೀಕರಲ್ಲೂ ಇದ್ದೆ. ಎರಡು ಕಡೆಯೂ ‘ಅಲ್ಲ’ ಅನ್ನುವುದೇ ನನ್ನ ಕೆಲಸ. ಅದಕ್ಕೂ ಹಿಂದಿನ ಊರು ಮರೆತುಹೋಗಿದೆ.”

“ಮರೆತವರಿಗೂ ನಮ್ಮಲ್ಲಿ ನೀರು ಕೊಡ್ತಾರೆ. ಕುಡಿ.”

ಸರ್ಪ ಗಿಂಡಿಗೆ ಬಾಯಿಟ್ಟಿತು. ಸುತ್ತು ಬಿಚ್ಚಿತು. ಕಲ್ಲು ಕರಗಿ ಚೌಡ ಉಸಿರೆಳೆದುಕೊಂಡ.

“ನೀನು ಯಾವತ್ತಾದರೂ ಕೇಳಿದ್ದೆಯಾ?” ಎನ್ನುತ್ತ ಸರ್ಪ ಕಡುಕೇತನ ಹೆಗಲೇರಿತು. ಅವನು ನಿಂತಲ್ಲೇ ಕಲ್ಲಾದ. ಗೈರಾಗಿದ್ದವರು ಒಬ್ಬೊಬ್ಬರೇ ಹಾಜರಾದರು. ಮೂರು ತುಣುಕುಗಳೂ ಹೊನ್ನೇರಿಯಲ್ಲೇ ಮನೆ ಮಾಡಿ ಎಲ್ಲರ ಜೊತೆ ಸುಖವಾಗಿದ್ದವು. ಆ ಕಲ್ಲಿಗೆ ಚೌಡ ಎಮ್ಮೆ ಕಟ್ಟುತ್ತಿದ್ದ.

ಬೆಲ್ಲವಿಲ್ಲದೆ ಸರ್ಪ ಹೇಗೆ ಒಪ್ಪಿತು ಎಂದು ನೀವು ಕೇಳಬಹುದು. ಅದನ್ನೂ ವಿವರಿಸಿಬಿಡುತ್ತೇನೆ. ಬೆಲ್ಲ ಅನ್ನುವುದು ಬರೀ ನೆಪ, ನಿಜವಾಗಿ ಅದಕ್ಕೆ ಬೇಕಾಗಿದ್ದದ್ದು...

ಅಮ್ಮ ಕೂಗುತ್ತಿದ್ದಾಳೆ. ಬಾಗಿಲಲ್ಲಿ ಯಾರೋ ಬಂದು ನಿಂತಿದ್ದಾರಂತೆ, ನೀರು ತರಬೇಕಂತೆ.