ಮಾರ್ಚ್ ಒಂದರ ದಾರ

"ಬೂಟಿನ ಒಳಗೆಲ್ಲ ನೀರು! ನನ್ನ ದುಡ್ಡು ವಾಪಸ್ ಕೊಡಿ. ಈಗ್ಲೇ!"

ಅವನು ಬೂಟುಗಳನ್ನು ಕೌಂಟರ್ ಮೇಲೆ ಕುಕ್ಕಿದ ರಭಸಕ್ಕೆ ಇಲಿಂಕಾಳ ಕೆನ್ನೆಗೆ ಕೆಸರು ಹಾರಿತು.

ಕ್ರಾಯೋವಾ ಪೇಟೆಯ ಆ ಚಪ್ಪಲಿ ಅಂಗಡಿಯಲ್ಲಿ ಅವಳದು ವಾಪಸಾತಿ ಕೌಂಟರ್. ದಿನವಿಡೀ ಬೈಸಿಕೊಳ್ಳುವ ಜಾಗ. ಕೆನ್ನೆ ಒರೆಸಿಕೊಂಡವಳು ಬಕೆಟ್‌ನಲ್ಲಿ ನೀರು ತಂದು, ಬೂಟನ್ನು ಅದರಲ್ಲಿ ಅದುಮಿ ಹಿಡಿದಳು. ಒಂದು ಗುಳ್ಳೆಯೂ ಏಳಲಿಲ್ಲ.

"ತೂತಿಲ್ಲ. ಎಲ್ಲಿ ನಿಂತಿದ್ರಿ?"

"ಹಿಮದಲ್ಲಿ. ಟ್ರಾಮ್ ಹಳಿ ರಿಪೇರಿ ನನ್ನ ಕೆಲಸ."

"ಹಿಮ ಎಲ್ಲೀವರೆಗಿತ್ತು?"

ಅವನು ಮೊಣಕಾಲು ತೋರಿಸಿದ.

"ಸ್ವಾಮಿ, ನೀರು ಕೆಳಗಿಂದ ಬಂದಿಲ್ಲ... ಮೇಲಿಂದ ಬಂದಿದೆ!"

ಅವನ ಕಿವಿ ಕೆಂಪಾಯಿತು. ಮರುಗಳಿಗೆ ಅಂಗಡಿಯೇ ತಿರುಗಿ ನೋಡುವಂತೆ ನಕ್ಕ.

ಹೆಸರು ತೊವಾದೆರ್. ದೇಶದ ಆ ತುದಿಯ ಬೊಟೊಶಾನಿಯಿಂದ ಕಳೆದ ಶರತ್ಕಾಲದಲ್ಲಷ್ಟೇ ಬಂದವನು. ಮರುದಿನ ತಪ್ಪೊಪ್ಪಿಗೆಯಾಗಿ ಬಿಸಿ ಬಿಸಿ ಎಳ್ಳಿನ ಬ್ರೆಡ್ಡು ತಂದ. ಅದರ ಮರುದಿನ ಯಾವ ನೆಪವೂ ಇಲ್ಲದೆ ಬಂದ. ಆಮೇಲೆ ಬರುತ್ತಲೇ ಇದ್ದ. ಮನಸ್ಸಿನ ಮಾತು ಮಾತ್ರ ಇಬ್ಬರ ತುಟಿ ದಾಟಲಿಲ್ಲ.

ಮಾರ್ಚ್ ಒಂದು ಬಂತು. ವಸಂತದ ಮೊದಲ ದಿನ. ಊರಿನ ವಾಡಿಕೆಯಂತೆ ಅಂಗಡಿಗೆ ಬಂದ ಗಂಡಸರೆಲ್ಲ, ಮುದುಕರೂ ಸೇರಿ, ಕೆಲಸದ ಹುಡುಗಿಯರಿಗೆ ಕೆಂಪು-ಬಿಳಿ ದಾರದ ಪುಟ್ಟ ಕುಚ್ಚು ಕೊಟ್ಟರು. ಚುಚ್ಚಿಕೊಂಡ ಕುಚ್ಚುಗಳಿಂದ ಇಲಿಂಕಾಳ ಕೋಟಿನ ಎದೆ ತುಂಬಿಹೋಯಿತು. ಆದರೆ ಅವಳ ಕಣ್ಣು ಬಾಗಿಲಲ್ಲೇ.

ತೊವಾದೆರ್ ಮಧ್ಯಾಹ್ನ ಬಂದ. ಬರಿಗೈ!

ಅವಳ ಕುಚ್ಚುಗಳನ್ನು ನೋಡಿದ. ಅವಳ ಮುಖ ನೋಡಿದ. ಏನನ್ನೋ ಕಾಯುವವನಂತೆ ನಿಂತೇ ಇದ್ದ.

"ಏನಾದ್ರೂ... ಹೇಳೋದಿತ್ತಾ?"

"ನೀವೇ ಹೇಳ್ತೀರಿ ಅಂದ್ಕೊಂಡೆ," ಎಂದವನೇ ಹೊರಟುಹೋದ.

'ಯಾರ್ಯಾರೋ ಕೊಟ್ಟರು. ಇವನಿಗೆ ನಾನು ಒಂದೆಳೆ ದಾರಕ್ಕೂ ಯೋಗ್ಯಳಲ್ಲವೇ?' ಅಂದು ಅವಳಿಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಕೌಂಟರ್ ಮುಂದೆ ವೆತೂರಿಯಾ ಎಂಬ ದಪ್ಪ ಹೆಂಗಸು ಕೂಗಾಡುತ್ತಿದ್ದಳು.

"ಒಂದ್ಸಲನೂ ಹಾಕಿಲ್ಲ ಕಣಮ್ಮಾ ಈ ಶೂನ!"

"ಅಡೀಲಿ ಮದುವೆ ಕೇಕ್ ಅಂಟಿದೆಯಲ್ಲಮ್ಮಾ."

"ನಿಮ್ಮ ಅಂಗಡಿಯೋರೇ ತಿಂದಿರ್ಬೇಕು!"

ವೆತೂರಿಯಾಳ ಹೆಗಲ ಹಿಂದಿನಿಂದ ಒಂದು ಜೊತೆ ಬೂಟು ಮುಂದೆ ಬಂತು. ತೊವಾದೆರ್!

"ದುಡ್ಡು ವಾಪಸ್ ಬೇಕು."

"ಏನಾಗಿದೆ?"

"ಕಾಲು ಕಚ್ತಾವೆ."

"ಇಷ್ಟು ದಿನ ಕಚ್ಚದ್ದು?"

"ಊರಿಗೆ ವಾಪಸ್ ಹೋಗ್ತಿದ್ದೀನಿ. ಇಲ್ಲಿಯದೇನೂ ಬೇಡ ನನಗೆ."

ಇಲಿಂಕಾ ಬೂಟುಗಳನ್ನು ಅವನತ್ತ ತಳ್ಳಿದಳು. "ಹೋಗಿ! ಒಂದು ದಾರ ಕೊಡೋಕೂ ಕೈ ಬರದೋರು..."

"ನಾನು ಕೊಡ್ಬೇಕಿತ್ತಾ?" ಅವನ ದನಿ ಏರಿತು. "ಕೊಡ್ಬೇಕಾದೋರು ನೀವು! ಅಷ್ಟೊಂದು ಚುಚ್ಕೊಂಡಿದ್ರಿ, ಯಾರ್ಯಾರಿಗೆ ಕೊಡೋಕೋ... ಒಂದಾದ್ರೂ ನನಗೆ ತೆಗೀತೀರಾ ಅಂತ ಕಾದೆ!"

"ಅವು ನನಗೆ ಬಂದಿದ್ದು!"

ಇಬ್ಬರೂ ಪರಸ್ಪರ ಪಿಳಿಪಿಳಿ ನೋಡಿದರು. ಆಗ ವೆತೂರಿಯಾಳ ಹೊಟ್ಟೆ ನಗುವಿಗೆ ಕುಲುಕತೊಡಗಿತು.

"ಏ ಹುಡುಗಾ, ಯಾವೂರೋ ನಿಂದು?"

"ಬೊಟೊಶಾನಿ."

"ಹಾಗನ್ನು ಮತ್ತೆ! ನನ್ನ ಗಂಡನೂ ಆ ಕಡೆಯವನೇ ಕಣೇ ಹುಡುಗಿ. ಅಲ್ಲಿ ಹುಡುಗೀರೇ ಗಂಡುಹುಡುಗರಿಗೆ ಈ ದಾರ ಕಟ್ಟೋದು! ಮೊದಲ ವರ್ಷ ನಾನೂ ನಿನ್ನ ಹಾಗೇ ಮುನಿಸ್ಕೊಂಡು, ಅವನ ಸಾರಿಗೆ ಉಪ್ಪು ಸುರಿದಿದ್ದೆ."

ಇಲಿಂಕಾ ಶೂ ಲೇಸುಗಳು ನೇತಾಡುವ ಗೂಟದತ್ತ ನಡೆದು, ಒಂದು ಕೆಂಪು, ಒಂದು ಬಿಳಿ ಎಳೆದಳು. ಎರಡನ್ನೂ ಹೊಸೆಯುತ್ತಾ ಕೌಂಟರ್ ಸುತ್ತಿ ಈಚೆಗೆ ಬಂದಳು. ಅವನ ಕೋಟಿನ ಗುಂಡಿ ತೂತಿಗೆ ಪೋಣಿಸಿದಳು. ಶೂ ಲೇಸು ಅವನ ಹೊಟ್ಟೆಯವರೆಗೂ ಜೋತುಬಿತ್ತು.

"ಸ್ವಲ್ಪ ಉದ್ದ ಆಯ್ತು," ಎಂದಳು, ಕಣ್ಣೊರೆಸಿಕೊಂಡು.

"ಇರ್ಲಿ. ದೂರಕ್ಕೂ ಕಾಣ್ಲಿ."

"ನನ್ನ ಕೇಕಿನ ಶೂ ಕಥೆ ಏನಮ್ಮಾ?" ಎಂದಳು ವೆತೂರಿಯಾ. ಯಾರೂ ಕೇಳಿಸಿಕೊಳ್ಳಲಿಲ್ಲ.

"ನಿಮ್ಮ ಕಡೆ... ಕಟ್ಟಿಸ್ಕೊಂಡ ಹುಡುಗ ಏನು ಮಾಡ್ಬೇಕು?" ಇಲಿಂಕಾ ಕೇಳಿದಳು.

"ತಿಂಗಳಿಡೀ ಎಲ್ಲರಿಗೂ ತೋರಿಸ್ಕೊಂಡು ತಿರುಗ್ಬೇಕು."

"ಯಾವ ಊರಲ್ಲಿ?"

ತೊವಾದೆರ್ ಬೂಟುಗಳನ್ನು ನೆಲಕ್ಕಿಟ್ಟು ಕಾಲು ತೂರಿಸಿದ.

"ನೀನಿರೋ ಊರಲ್ಲಿ."